ಶನಿವಾರದ ನೀಲಿ ಪರದೆ

ಆ ಶನಿವಾರ, ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಆಪಾ ಹಣೆಗೆ ಮುಲಾಮು ಹಚ್ಚಿಕೊಂಡೇ ಪಾಠ ಮಾಡಿದ್ದರು. ಹಸಿರು ಮುಚ್ಚಳದ ಆ ಸಣ್ಣ ಡಬ್ಬಿ ಸದಾ ಅವರ ಕೀಬೋರ್ಡಿನ ಪಕ್ಕದಲ್ಲಿ ಇರುತ್ತಿತ್ತು. ಪಾಠದ ನಡುವೆಯೇ ಉಂಗುರ ಬೆರಳಿನಿಂದ ಒಂದಿಷ್ಟು ತೆಗೆದು ಎರಡೂ ಕಣತಲೆಗೆ ತಿಕ್ಕಿ, ಬೆರಳನ್ನು ಓಢಣಿಯ ಅಂಚಿಗೆ ಒರೆಸಿಕೊಂಡು ಮಾತು ಮುಂದುವರಿಸುತ್ತಿದ್ದರು. ಓಢಣಿಯ ಬಣ್ಣ ಈಗ ಮರೆತಿದೆ. ಆ ಅಂಚು ಎಣ್ಣೆ ಹಿಡಿದಂತೆ ಮಾಸಿದ್ದು ಮಾತ್ರ ನೆನಪಿದೆ...

ಇದನ್ನು ಬರೆಯಲು ಕೂತದ್ದಕ್ಕೆ ಆ ವಾಸನೆಯೇ ಕಾರಣ. ನಾನೀಗ ಲಿಂಗಸುಗೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಈಚೆಗೆ ಒಬ್ಬ ಹುಡುಗಿ ತಲೆನೋವೆಂದು ಮುಲಾಮು ಹಚ್ಚಿಕೊಂಡು ಬಂದು ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತಳು. ಫ್ಯಾನಿನ ಗಾಳಿಗೆ ವಾಸನೆ ಲ್ಯಾಬಿಗೆಲ್ಲ ಹರಡಿತು. ಅಷ್ಟರಲ್ಲಿ ಅವಳ ಕಂಪ್ಯೂಟರ್ ಕೆಟ್ಟು ಪರದೆ ನೀಲಿಯಾಗಿ ನಿಂತಿತು. ಆ ವಾಸನೆ, ಆ ನೀಲಿ, ಎರಡೂ ಒಂದೇ ಹೊತ್ತಿಗೆ ನನ್ನ ಮುಂದೆ ಬಂದದ್ದು ಆ ಶನಿವಾರದ ನಂತರ ಅದೇ ಮೊದಲು. ಬಾಗಿಲಿನಿಂದ ನೇರ ಅವಳ ಪರದೆಯ ಬಳಿಗೆ ಹೋದೆ. ಹುಡುಗಿ ತಾನೇನೋ ಕೆಡಿಸಿದೆನೆಂದು ಹೆದರಿ, "ನಾ ಏನೂ ಮಾಡಿಲ್ರೀ ಮೇಡಂ" ಅಂದಳು.

ಸಿಂಧನೂರಿನಲ್ಲಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ತರಬೇತಿ ಕೇಂದ್ರ ಇತ್ತು. ಅಂಗಡಿಯೂ ಕೇಂದ್ರವೂ ಒಬ್ಬ ಸಾಹುಕಾರರವೇ. ಹಂಗಾಮಿನಲ್ಲಿ ಮೆಟ್ಟಿಲ ಮೇಲೂ ಚೀಲ ಪೇರಿಸುತ್ತಿದ್ದರು, ಹತ್ತುವಾಗ ಕಣ್ಣು ಉರಿಯುತ್ತಿದ್ದವು. ಮೇಲೆ ಹೋಗಿ ಬಾಗಿಲು ತೆರೆದರೆ ಮುಲಾಮಿನ ವಾಸನೆ. ನಾನು ಪಿಯುಸಿ ಮುಗಿಸಿ ತುರ್ವಿಹಾಳದಿಂದ ಬರುತ್ತಿದ್ದೆ, ಆಪಾ ಮಸ್ಕಿಯಿಂದ. ಕಂಪ್ಯೂಟರ್ ಬಿಚ್ಚಿ ರಿಪೇರಿ ಮಾಡುವ ಕೋರ್ಸನ್ನು ಹೆಣ್ಣುಮಗಳು ಕಲಿಸುತ್ತಾಳೆಂದು ಮೊದಲ ದಿನವೇ ಎದ್ದು ಹೋದವರೂ ಇದ್ದರಂತೆ. ಉಳಿದವರೆಲ್ಲ, ಹಣೆಗೆ ವಿಭೂತಿ ಹಚ್ಚಿದ ಹುಡುಗರೂ ಸೇರಿ, ಅವರನ್ನು ಆಪಾ ಎಂದೇ ಕರೆಯುತ್ತಿದ್ದೆವು. ಅವರ ಮನೆಮಾತಿನಲ್ಲಿ ಅಕ್ಕ ಅಂದಂತೆ. ನಮ್ಮಲ್ಲಿ ಒಂದೇ ಹೆಸರಿನವರು ಮೂರು ಮೂರು ಜನ ಇದ್ದುದರಿಂದ ಅವರು ನಮ್ಮನ್ನು ಊರ ಹೆಸರು ಹಿಡಿದೇ ಕೂಗುತ್ತಿದ್ದರು. ನಾನು ತುರ್ವಿಹಾಳ. ನನ್ನ ಪಕ್ಕ ಕೂರುತ್ತಿದ್ದ ಬಾಯಿಬಡುಕ ಪಾಮನಕಲ್ಲೂರು.

ಸಾಹುಕಾರರು ಕೊಡಿಸಿದ ಕಂಪ್ಯೂಟರುಗಳನ್ನು ಕೆಡಿಸಿ ಕಲಿಯುವಂತಿರಲಿಲ್ಲ. ಕೆಡಿಸದೆ ರಿಪೇರಿ ಕಲಿಯುವುದು ಹೇಗೆ? ಅದಕ್ಕೆ ಆಪಾ ಒಂದು ದಾರಿ ಮಾಡಿಕೊಂಡಿದ್ದರು. ಕಂಪ್ಯೂಟರಿನ ಒಳಗೇ, ಪರದೆಯ ಮೇಲಿನ ಒಂದು ಚೌಕದಲ್ಲಿ, ಇನ್ನೊಂದು ಕಂಪ್ಯೂಟರನ್ನು ನಡೆಸುತ್ತಿದ್ದರು. ಅದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಅದಕ್ಕೆ ಬೇರೆ ಮೈ ಇಲ್ಲ. ಹೊರಗಿನ ಕಂಪ್ಯೂಟರಿನ ಮೆಮೊರಿಯಲ್ಲಿ, ಡಿಸ್ಕಿನಲ್ಲಿ ಒಂದು ಪಾಲು ಪಡೆದು, ತಾನೂ ಒಂದು ಕಂಪ್ಯೂಟರ್ ಎಂದುಕೊಂಡು ಕೆಲಸ ಮಾಡುತ್ತದೆ. ಅದಕ್ಕೆ ಅದರದೇ ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ಅದು ಕುಸಿದು ನೀಲಿಯಾಗಿ ಬಿದ್ದರೂ ಹೊರಗಿನದಕ್ಕೆ ಏನೂ ಆಗುವುದಿಲ್ಲ. ಚೆನ್ನಾಗಿದ್ದಾಗಿನ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಎಂದು ತೆಗೆದಿಟ್ಟುಕೊಂಡಿದ್ದರೆ, ಒಂದು ಗುಂಡಿ ಒತ್ತಿ ಅಲ್ಲಿಗೆ ಹಿಂದಿರುಗಬಹುದು. ಸತ್ತದ್ದು ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ.

"ಹೊರಗಿಂದು ಮನಿ, ಒಳಗಿಂದು ಬೀಗರು," ಎಂದು ಆಪಾ ಮೊದಲ ದಿನವೇ ಹೇಳಿದ್ದರು. "ಮನ್ಯಾಗ ಎಷ್ಟು ಅಕ್ಕಿ ಐತಿ ನೋಡ್ಕೊಂಡು ಬೀಗರಿಗೆ ಬಡಸ್ರಿ. ಇದ್ದ ಮೆಮೊರಿ ಎಲ್ಲಾ ಒಳಗ ಕೊಟ್ರ ಮನಿಯವ್ರೂ ಉಪಾಸ, ಬೀಗರೂ ಉಪಾಸ."

"ನಮ್ಮ ಬೀಗರು ಉಂಡ ಮ್ಯಾಲೂ ಹೋಗೂದಿಲ್ರೀ ಆಪಾ," ಅಂದಿದ್ದ ಪಾಮನಕಲ್ಲೂರು.

"ಹಂಗಾದ್ರ ಪವರ್ ಆಫ್ ಮಾಡಲೇ."

ಶನಿವಾರದ ಪಾಠಕ್ಕೆ ನಾವು ಪಂಚನಾಮೆ ಎಂದು ಹೆಸರಿಟ್ಟಿದ್ದೆವು. ಆಪಾ ನಮಗಿಂತ ಮೊದಲೇ ಬಂದು, ಬಾಗಿಲು ಹಾಕಿಕೊಂಡು, ಒಳಗಿನ ಮಷಿನ್ನಿನಲ್ಲಿ ಏನಾದರೊಂದು ಕೆಡಿಸಿ ಇಟ್ಟಿರುತ್ತಿದ್ದರು. ಒಂದು ವಾರ ಬೇಕಾದ ಫೈಲೊಂದರ ಹೆಸರು ಬದಲಿಸಿದ್ದರು. ಇನ್ನೊಂದು ವಾರ ಹೊಂದದ ಡ್ರೈವರ್, ಅಂದರೆ ಬಿಡಿಭಾಗ ನಡೆಸುವ ಸಾಫ್ಟ್‌ವೇರ್, ಹಾಕಿದ್ದರು. ಅದು ನಮ್ಮ ಕಣ್ಣೆದುರು ಸಾಯುತ್ತಿತ್ತು. ನೀಲಿ ಪರದೆಯ ಮೇಲಿನ ಸಂಕೇತ ಓದಿ, ಕೊನೆಗೆ ಏನು ನಡೆದಿತ್ತೆಂದು ನೋಡಿ, ಕಾರಣ ಹೇಳುವುದು ನಮ್ಮ ಕೆಲಸ. ಎಷ್ಟು ಸಲ ಬೇಕಾದರೂ ಚಾಲೂ ಮಾಡಿ ಅದು ಹೇಗೆ ಬೀಳುತ್ತದೆಂದು ನೋಡಬಹುದಿತ್ತು. ಸ್ನ್ಯಾಪ್‌ಶಾಟ್ ಮಾತ್ರ ಮುಟ್ಟುವಂತಿರಲಿಲ್ಲ. ಅವಸರದವರು ಅತ್ತ ಕೈ ಒಯ್ದರೆ ಆಪಾ ಸ್ಕೇಲಿನಿಂದ ಮೇಜು ಬಡಿಯುತ್ತಿದ್ದರು.

"ಯಾಕ ಸತ್ತಿತು ಅಂತ ಹೇಳಲಾರದ ಎಬ್ಬಿಸಬ್ಯಾಡ್ರಿ."

ಇದೊಂದು ಮಾತನ್ನು ಅವರು ಎಷ್ಟು ಸಲ ಹೇಳಿದ್ದರೋ. ಅವರ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಉಳಿದಿರುವುದು ಈ ಮಾತೇ. ಮುಖಕ್ಕಿಂತಲೂ.

ಆ ಶನಿವಾರ ಮಸ್ಕಿಯ ಬಸ್ಸು ತಡವಾಗಿತ್ತು. ನಾವೇ ಮೊದಲು ಬಂದು, ಕೆಳಗಿನ ಅಂಗಡಿಯಿಂದ ಕೀಲಿ ತಂದು ಬಾಗಿಲು ತೆಗೆದು ಕೂತಿದ್ದೆವು. ಆಪಾ ಮೆಟ್ಟಿಲು ಹತ್ತಿ ಬಂದವರೇ ಕುರ್ಚಿಗೆ ಒರಗಿದರು. ಚೀಲದಿಂದ ಮಾತ್ರೆ ತೆಗೆದು ನೀರಿನೊಂದಿಗೆ ನುಂಗಿ, ಡಬ್ಬಿಯ ಮುಚ್ಚಳ ತಿರುಗಿಸಿದರು.

"ಆಪಾ, ನೀವು ದಿನಾ ಬರೇ ರಿಸ್ಟಾರ್ಟ್ ಮಾಡ್ಕೊಳ್ಳಾಕತ್ತೀರಿ," ಅಂದ ಪಾಮನಕಲ್ಲೂರು. "ತಲಿ ಯಾಕ ನೋಯ್ತೈತಿ ಅಂತ ಒಮ್ಮಿ ಪಂಚನಾಮಿ ಮಾಡಸ್ರಲ್ಲ."

"ನಂದು ಹಳೇ ಮಷಿನ್ ಲೇ," ಎಂದು ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. "ರಿಸ್ಟಾರ್ಟ್ ಮಾಡಿದ್ರ ಸಂಜೀ ತನಕ ನಡೀತೈತಿ."

ನಾವೂ ನಕ್ಕೆವು.

ಆಮೇಲೆ ತಮ್ಮ ಕಂಪ್ಯೂಟರ್ ಹಚ್ಚಿ, ಒಳಗಿನ ಮಷಿನ್ ಚಾಲೂ ಮಾಡಿದರು. ಅದು ತೆರೆದುಕೊಂಡು, ಅವರು ಇನ್ನೂ ಏನೂ ಮುಟ್ಟುವ ಮೊದಲೇ ನೀಲಿಯಾಯಿತು. ಆಪಾ ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆ ನೋಟ ಕಂಡು ನನಗೆ ಆಗ ಏನೂ ಅನಿಸಿರಲಿಲ್ಲ. ಕುರ್ಚಿ ಹಿಂದೆ ಸರಿಸಿ, "ಇವತ್ತಿಂದು ಇದ. ಹುಡುಕ್ರಿ," ಅಂದರು.

ಅಂದಿನ ಪಂಚನಾಮೆ ಹಿಂದೆಂದೂ ಆಗದಷ್ಟು ಕಷ್ಟವಾಯಿತು. ಚಾಲೂ ಮಾಡಿದಾಗಲೆಲ್ಲ ಅದು ಬೇರೆ ಬೇರೆ ಹೊತ್ತಿಗೆ ಬೀಳುತ್ತಿತ್ತು, ಬಿದ್ದಾಗಲೆಲ್ಲ ಬೇರೆ ಬೇರೆ ಕಾರಣ ಹೇಳುತ್ತಿತ್ತು. ಒಮ್ಮೆ ಡ್ರೈವರ್ ಅಂದಿತು. ಒಮ್ಮೆ ಡಿಸ್ಕಿನ ಫೈಲು ಅಂದಿತು. ಇನ್ನೊಮ್ಮೆ ಮೆಮೊರಿ ಅಂದಿತು. ಬೀಗರಿಗೆ ಬಡಿಸಿದ್ದು ಹೆಚ್ಚಾಯಿತೇನೋ ಎಂದು ಮೆಮೊರಿಯ ಪಾಲು ಕಡಿಮೆ ಮಾಡಿದೆವು. ಆಗ ತುಸು ಹೆಚ್ಚು ಹೊತ್ತು ಇದ್ದು, ಮತ್ತೆ ಬಿತ್ತು. ಡ್ರೈವರುಗಳನ್ನು ಒಂದೊಂದಾಗಿ ತೆಗೆದೆವು. ಆಪಾ ಎಲ್ಲಿ ಏನು ಅಡಗಿಸಿದ್ದಾರೆಂದು ಮಷಿನ್ನಿನ ಮೂಲೆ ಮೂಲೆ ಹುಡುಕಿದೆವು.

"ಇದು ಸುಳ್ಳು ಹೇಳಾಕತ್ತೈತ್ರೀ ಆಪಾ," ಅಂದ ಪಾಮನಕಲ್ಲೂರು.

"ಸತ್ತದ್ದು ಯಾಕ ಸುಳ್ಳು ಹೇಳ್ತೈತಿ? ನಾವು ಕೇಳೂದು ತಪ್ಪಿರ್ತೈತಿ."

ಸಂಜೆಯಾದರೂ ಯಾರಿಗೂ ಸಿಗಲಿಲ್ಲ. ನನ್ನ ಬಸ್ಸಿಗೆ ಹೊತ್ತಾಗಿತ್ತು. ಕೊನೆಗೆ ಬಿದ್ದ ನೀಲಿ ಪರದೆ ಇದ್ದಂತೆಯೇ ಇರಲೆಂದು ಆಪಾ ಮಷಿನ್ನನ್ನು ಆ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸಿದರು. ಹಾಗೆ ನಿಲ್ಲಿಸಿದರೆ ಮತ್ತೆ ತೆರೆದಾಗ ಅದೇ ಗಳಿಗೆಯಿಂದ ಮುಂದುವರಿಯಬಹುದು.

"ಏನಾಗಿತ್ತು ಹೇಳ್ರೀ ಆಪಾ," ಎಂದು ನಾನು ಕೇಳಿದೆ.

"ಸೋಮವಾರ ಹೇಳ್ತೀನಿ. ಎರಡು ದಿನ ತಲಿ ಓಡಸ್ರಿ ನೀವೂ. ನಡೀ ಬೇ ತುರ್ವಿಹಾಳ, ಬಸ್ ತಪ್ತೈತಿ."

ನಿಲ್ದಾಣದವರೆಗೆ ಇಬ್ಬರೂ ಜೊತೆಗೇ ನಡೆದೆವು. ಅಕ್ಕಿ ಗಿರಣಿಯ ದೂಳು ರಸ್ತೆಯ ಮೇಲೆ ತೇಲುತ್ತಿತ್ತು. ದಾರಿಯಲ್ಲಿ ಅವರು ತಮ್ಮ ಅಮ್ಮಿಗೆ ಬಾಳೆಹಣ್ಣು ಕೊಂಡರು. ನನಗೊಂದು ಮುರಿದು ಕೊಟ್ಟರು. ಏನು ಮಾತಾಡಿದೆವು ಎಂದು ಎಷ್ಟು ನೆನೆದರೂ ಸಿಗುವುದಿಲ್ಲ.

ಸೋಮವಾರ ಮೆಟ್ಟಿಲು ಹತ್ತಲು ಹೋದ ನಮ್ಮನ್ನು ಸಾಹುಕಾರರು ಗಲ್ಲೆಯಿಂದಲೇ ಕೂಗಿ ನಿಲ್ಲಿಸಿದರು. ಭಾನುವಾರ ಬೆಳಿಗ್ಗೆ ಆಪಾ ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಾ ಕುಸಿದರಂತೆ. ಮಸ್ಕಿಯ ಆಸ್ಪತ್ರೆಯಲ್ಲಿ ಮುಂದೆ ಒಯ್ಯಿರಿ ಎಂದರಂತೆ. ಲಿಂಗಸುಗೂರು ಮುಟ್ಟುವ ಮೊದಲೇ ಗಾಡಿಯಲ್ಲಿ ಹೋಗಿಬಿಟ್ಟರಂತೆ. ಸಂಜೆಗೇ ಮಣ್ಣು ಕೊಟ್ಟಾಗಿತ್ತು. ಪಾಮನಕಲ್ಲೂರು ಮೆಟ್ಟಿಲ ಮೇಲಿನ ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟ. ಏಳು ಎಂದು ಸಾಹುಕಾರರೂ ಹೇಳಲಿಲ್ಲ.

ಮುಂದಿನ ಬಸ್ಸಿಗೇ ನಾವು ಮಸ್ಕಿಗೆ ಹೋದೆವು. ಹುಡುಗರು ಹೊರಗೆ ಗಂಡಸರ ಜೊತೆ ನಿಂತರು, ನಾನು ಒಳಗೆ ಹೆಂಗಸರ ನಡುವೆ ಕೂತೆ. ಅಲ್ಲಿ ಯಾರೋ ಹಾರ್ಟ್ ಅಂದರು. ಯಾರೋ ತಲೆಯ ನರ ಹರಿಯಿತಂತೆ ಅಂದರು. ಒಬ್ಬ ಮುದುಕಿ ದೃಷ್ಟಿ ತಾಗಿತೆಂದು ನಿಟ್ಟುಸಿರಿಟ್ಟಳು. ನಾನು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಆಪಾನ ಅಣ್ಣ ಒಳಗೆ ಬಂದಾಗ ಕೇಳಿಯೇಬಿಟ್ಟೆ, ಲಿಂಗಸುಗೂರಿನ ಡಾಕ್ಟರು ಏನಂದರು ಎಂದು.

"ಕೊಯ್ದು ನೋಡಿದ್ರ ಗೊತ್ತಾಗ್ತೈತಿ ಅಂದ್ರವ್ವಾ. ನಾವು ಬ್ಯಾಡ ಅಂದ್ವಿ," ಎಂದರು ಅವರು. ಸಿಟ್ಟಿರಲಿಲ್ಲ, ದಣಿವಿತ್ತು. "ಹೋದಾಕಿ ಮೈಗೆ ಕತ್ತಿ ಯಾಕ? ತಿಳ್ಕೊಂಡು ಏನ್ ಮಾಡೂದೈತಿ? ಆಕಿ ಬರ್ತಾಳೇನು?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಗೋಡೆಗೆ ಒರಗಿದ್ದ ಅಮ್ಮಿ ಮಾತ್ರ ಯಾರನ್ನೂ ನೋಡದೆ ಮೆಲ್ಲಗೆ ಅಂದರು:

"ಆಕಿ ಇದ್ದಿದ್ರ ಕೇಳ್ತಿದ್ಲು."

ಮನೆಯಲ್ಲೂ ಆಪಾ ಹಾಗೇ ಇದ್ದರಂತೆ. ಮಿಕ್ಸರ್ ನಿಂತಾಗ ಅಣ್ಣ ಅದನ್ನು ಬಡಿಯಲು ಹೋದರೆ ಕೈ ಹಿಡಿದು, ಯಾಕೆ ನಿಂತಿತು ಹೇಳು, ಆಮೇಲೆ ಬಡಿ ಎನ್ನುತ್ತಿದ್ದರಂತೆ. ಅಮ್ಮಿ ಅದನ್ನು ಹೇಳಿ ನಗಲು ಹೋಗಿ...

ಕೇಂದ್ರ ಹೆಚ್ಚು ದಿನ ನಡೆಯಲಿಲ್ಲ. ಬೇರೆ ಒಬ್ಬ ಮೇಷ್ಟ್ರು ಬಂದರು, ಬಿಟ್ಟು ಹೋದರು. ಸಾಹುಕಾರರು ಮಹಡಿಯನ್ನು ಗೋದಾಮು ಮಾಡಲು ನಿರ್ಧರಿಸಿ ಕಂಪ್ಯೂಟರುಗಳನ್ನೆಲ್ಲ ಗುಜರಿಗೆ ಹಾಕಿದರು. ಅದಕ್ಕೂ ಮೊದಲು ನಾನು ಅವರನ್ನು ಕೇಳಿ, ಆಪಾ ನಿಲ್ಲಿಸಿ ಹೋಗಿದ್ದ ಆ ಒಳಗಿನ ಮಷಿನ್ನನ್ನು ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡಿದ್ದೆ. ಎಷ್ಟಾದರೂ ಅದೊಂದು ಫೋಲ್ಡರು ಮಾತ್ರ, ಯಾವ ಕಂಪ್ಯೂಟರಿಗೆ ಬೇಕಾದರೂ ಒಯ್ಯಬಹುದು. ಇನ್ನೇನು ಬೇಕು ತಗೋ ಎಂದರು ಸಾಹುಕಾರರು. ಮುಲಾಮಿನ ಡಬ್ಬಿ ಕೇಳಲು ನಾಚಿಕೆಯಾಯಿತು.

ಆಮೇಲೆ ನಾನು ಯಾವ ಊರಿನಲ್ಲಿ ಯಾವ ಕೆಲಸದಲ್ಲಿದ್ದರೂ ಅದು ನನ್ನ ಜೊತೆಗಿತ್ತು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ, ಪಟ್ಟಿಯಲ್ಲಿ ಅದರ ಹೆಸರಿನ ಪಕ್ಕ ಅಂಚೆಚೀಟಿಯಷ್ಟು ಸಣ್ಣ ಚಿತ್ರ ಕಾಣುತ್ತಿತ್ತು. ಆಪಾ ನಿಲ್ಲಿಸಿದ ಆ ಸಂಜೆಯ ನೀಲಿ ಪರದೆ. ಅಲ್ಲಿಂದಲೇ ಮುಂದುವರಿಸಲು ನೋಡಿದರೆ, ಈ ಕಂಪ್ಯೂಟರಿನ ಪ್ರೊಸೆಸರ್ ಬೇರೆ ಎಂದು ನಿರಾಕರಿಸುತ್ತಿತ್ತು. ಅದನ್ನು ಎಬ್ಬಿಸಬೇಕೆಂದರೆ ಆ ಹಿಡಿದಿಟ್ಟ ಸ್ಥಿತಿಯನ್ನು ಅಳಿಸಿ ಹೊಸದಾಗಿ ಚಾಲೂ ಮಾಡಬೇಕು. ಅದನ್ನು ನಾನು ಮಾಡಲಿಲ್ಲ. ಎಬ್ಬಿಸದೆಯೇ, ಹೊರಗಿನಿಂದ ಅದರ ಡಿಸ್ಕನ್ನು ತೆರೆದು, ಬಿಡುವಾದಾಗಲೆಲ್ಲ ಹುಡುಕುತ್ತಿದ್ದೆ. ಆಪಾ ಏನು ಕೆಡಿಸಿದ್ದರು? ಒಂದೊಂದು ಫೈಲನ್ನೂ ಚೆನ್ನಾಗಿರುವ ಇನ್ನೊಂದರ ಜೊತೆ ಹೋಲಿಸಿ ನೋಡಿದೆ. ಅಂದು ನಾವೇ ತೆಗೆದ ಡ್ರೈವರುಗಳನ್ನು ಬಿಟ್ಟರೆ ಎಲ್ಲವೂ ಸರಿಯಾಗಿಯೇ ಇದ್ದವು.

ಊರಿಗೆ ಹೋಗುವಾಗ ಮಸ್ಕಿಯಲ್ಲಿ ಇಳಿದು ಅಮ್ಮಿಯನ್ನು ಮಾತಾಡಿಸಿ ಹೋಗುವುದು ರೂಢಿಯಾಯಿತು. ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ಮನೆ. ಅಮ್ಮಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟು, ಸೊಸೆ ಅತ್ತ ಹೋದಾಗ ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು: "ಏನಾಗಿತ್ತು ಬೇಟಿ ಆಕಿಗೆ? ನೀ ಆಕಿ ಹಂತ್ಯಾಕ ಕಲ್ತಾಕಿ." ತನ್ನ ಮಗಳು ಕಲಿಸಿದ ವಿದ್ಯೆಯಿಂದ ಅದೂ ತಿಳಿಯುತ್ತದೆಂದು ಅವರು ನಂಬಿದಂತಿತ್ತು. ನಾನು ಗೊತ್ತಿಲ್ಲ ಎನ್ನಲಾರದೆ, ಆಪಾ ಬಿಟ್ಟುಹೋದ ಮಷಿನ್ನಿನ ಕಥೆ ಹೇಳಿದೆ. ಅಂದಿನಿಂದ ಅವರು ಅದನ್ನೂ ಕೇಳುತ್ತಿದ್ದರು. "ಆಕಿ ಮಷಿನ್ ಏನಂತು? ಸಿಕ್ತೇನು?"

ಈಗ ಈ ಲ್ಯಾಬಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಕೂತಿದ್ದ ಕಂಪ್ಯೂಟರ್ ಕೂಡ ಒಂದೊಂದು ಸಲ ಒಂದೊಂದು ಕಾರಣ ಹೇಳಿ ಬೀಳುತ್ತಿತ್ತು. ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದೆ, ಆದರೂ ಬಿತ್ತು. ಹಾಗಾದರೆ ಕೆಟ್ಟದ್ದು ಸಾಫ್ಟ್‌ವೇರ್ ಅಲ್ಲ, ಯಂತ್ರವೇ. ಪೆಟ್ಟಿಗೆ ಬಿಚ್ಚಿ ಮೆಮೊರಿ ಚಿಪ್ಪುಗಳಿರುವ ಪಟ್ಟಿ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹಲ್ಲುಗಳನ್ನು ತಿಕ್ಕಿ ಕೂರಿಸಿದೆ. ಮತ್ತೂ ಬಿತ್ತು. ಬೇರೆ ಪಟ್ಟಿ ಹಾಕಿದೆ, ನಿಂತಿತು. ಹಳೆಯ ಪಟ್ಟಿ ಅಂಗೈಯಲ್ಲೇ ಇತ್ತು. ಮುಲಾಮಿನ ವಾಸನೆ ಇನ್ನೂ ಕೋಣೆಯಲ್ಲಿತ್ತು. ಆಗ ಆ ಶನಿವಾರ ಬಸ್ಸು ತಡವಾಗಿದ್ದು ನೆನಪಾಯಿತು.

ಅಂದು ನಾವೇ ಮೊದಲು ಬಂದಿದ್ದೆವು. ಆಪಾನಿಗೆ ಮಷಿನ್ ಕೆಡಿಸಲು ಹೊತ್ತೇ ಇರಲಿಲ್ಲ. ಅವರು ಏನನ್ನೂ ಅಡಗಿಸಿರಲಿಲ್ಲ. ಅವರ ಕಣ್ಣೆದುರು ಅದು ತಾನಾಗಿಯೇ ಸತ್ತಿತ್ತು, ಅವರು ಅದನ್ನೇ ನಮಗೆ ಅಂದಿನ ಪಾಠ ಮಾಡಿದ್ದರು. ನಾವು ಇಡೀ ದಿನ ಬೀಗರನ್ನು ತಪಾಸಣೆ ಮಾಡಿದ್ದೆವು, ಮನೆಯನ್ನು ಯಾರೂ ನೋಡಲಿಲ್ಲ. ಒಬ್ಬರಾದರೂ ಸ್ನ್ಯಾಪ್‌ಶಾಟ್ ಗುಂಡಿ ಒತ್ತಿದ್ದರೆ, ಚೆನ್ನಾಗಿದ್ದ ಸ್ಥಿತಿಗೆ ಹೋದ ಮೇಲೂ ಅದು ಬಿದ್ದಿದ್ದರೆ, ಕೆಟ್ಟಿರುವುದು ಹೊರಗೆ ಎಂದು ಆಗಲೇ ತಿಳಿಯುತ್ತಿತ್ತು. ಆದರೆ ಅದನ್ನು ಒತ್ತಬಾರದೆಂದು ನಮಗೆ ಕಲಿಸಿದ್ದರು, ನಾವು ಅವರ ಮಾತು ಮೀರುವವರಾಗಿರಲಿಲ್ಲ.

ಅದು ಆಪಾನಿಗೆ ಹೊಳೆದಿತ್ತೇ? ಸೋಮವಾರ ಹೇಳುತ್ತೇನೆ ಎಂದದ್ದು ತಿಳಿದೋ, ಇಲ್ಲ ಅವರಿಗೂ ಆ ಎರಡು ದಿನ ಬೇಕಿತ್ತೋ... ತಲೆ ಸಿಡಿಯುವಾಗಲೂ ಹಾಗೆ ಪರದೆಯನ್ನೇ ನೋಡಿದ್ದರಲ್ಲ, ಏನು ನೋಡಿದ್ದರು?

ಆ ದಿನ ಎಲ್ಲರೂ ಹೋದ ಮೇಲೆ ಹಾರ್ಡ್ ಡಿಸ್ಕ್ ಹಚ್ಚಿದೆ. ಪರದೆಯ ಮೇಲೆ, ಮಷಿನ್ನಿನ ಹೆಸರಿನ ಪಕ್ಕ, ಸಣ್ಣ ನೀಲಿ ಚಿತ್ರ ಬಂತು. ನನ್ನ ಊಹೆ ನಿಜವೇ ಎಂದು ನೋಡಲು ಅದನ್ನು ಎಬ್ಬಿಸಬೇಕಿತ್ತು. ಮೊದಲೊಂದು ಪ್ರತಿ ಮಾಡಿಟ್ಟುಕೊಳ್ಳಬೇಕೆಂದು ಆ ಅವಸರದಲ್ಲಿ ಹೊಳೆಯಲಿಲ್ಲ. ಹಿಡಿದಿಟ್ಟ ಸ್ಥಿತಿಯನ್ನು ಅಳಿಸಿದೆ. ನೀಲಿ ಚಿತ್ರ ಹೋಗಿ ಆ ಜಾಗ ಕಪ್ಪಾಯಿತು. ಚಾಲೂ ಮಾಡಿದೆ. ಮಷಿನ್ ಎದ್ದಿತು. ಅದರ ಮೇಲೆ ಎಷ್ಟು ಭಾರ ಹಾಕಿದರೂ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಮನೆ ಬದಲಾದೊಡನೆ ಬೀಗರು ಆರಾಮಾಗಿದ್ದರು.

ಇದರಿಂದ ಕಾರಣ ತಿಳಿಯಿತು ಎನ್ನಲು ಬರುವುದಿಲ್ಲ. ಹೊರಗಿನದು ಕೆಟ್ಟಿತ್ತು ಎಂಬುದಷ್ಟೇ ಖಾತ್ರಿ. ಮೆಮೊರಿಯೋ, ಬೋರ್ಡೋ, ಇನ್ನೇನೋ. ಪಕ್ಕಾ ಹೇಳಬೇಕೆಂದರೆ ಸಿಂಧನೂರಿನ ಆ ಕಂಪ್ಯೂಟರನ್ನೇ ಬಿಚ್ಚಿ ನೋಡಬೇಕು. ಅದು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು.

ನಂತರ ಊರಿಗೆ ಹೋಗುವಾಗ ಮಸ್ಕಿಯಲ್ಲಿ ಇಳಿದೆ. ಅಮ್ಮಿ ಅಡುಗೆಮನೆಯಲ್ಲಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಕಣ್ಣು ಮಂಜಾಗಿವೆ, ಕಲ್ಲನ್ನು ಈಗ ಬೆರಳಿನಿಂದಲೇ ಹುಡುಕುತ್ತಾರೆ. ನಾನು ಕೂರುವ ಮೊದಲೇ ಕೇಳಿದರು.

"ಆಕಿ ಮಷಿನ್ ಏನಂತು?"

"ಎದ್ದೈತ್ರೀ ಅಮ್ಮಿ."

ಅವರ ಬೆರಳು ನಿಂತವು. "ಯಾಕ ಸತ್ತಿತ್ತಂತ?"

"ಪೂರಾ ಗೊತ್ತಾಗಲಿಲ್ರಿ."

ಅಮ್ಮಿ ನನ್ನ ಮುಖ ಇರುವ ಕಡೆ ತಿರುಗಿದರು. "ಕೇಳಲಾರದ ಎಬ್ಬಿಸಿದೇನು ಬೇಟಿ?" ಎಂದರು.

ಹೂಂ ಎಂದೆ. ಅವರು ಅಕ್ಕಿಯ ಕಡೆ ತಿರುಗಿದರು. ಚಹಾ ಕುಡಿದು ಬಸ್ಸಿಗೆ ಹೋದೆ. ಆಪಾನಿಗೆ ಏನಾಗಿತ್ತು ಎಂಬ ಆ ಇನ್ನೊಂದು ಪ್ರಶ್ನೆಯನ್ನು ಅಂದು ಅವರು ಕೇಳಲಿಲ್ಲ.

ಮಷಿನ್ ಈಗ ನಡೆಯುತ್ತದೆ. ಆಪಾ ನಿಲ್ಲಿಸಿಟ್ಟ ಪರದೆ ಈಗ ಇಲ್ಲ. ಸೋಮವಾರ ಏನು ಹೇಳುವವರಿದ್ದರೋ ತಿಳಿಯಲಿಲ್ಲ. ಅವರು ಯಾಕೆ ಸತ್ತರು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.